ವಿಶಾಖಪಟ್ಟಣದ ತಲೆಬುರುಡೆ

1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ. ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಕಂಪನಿ ಅಧಿಕಾರಿಗಳಲ್ಲಿ 21ರ ಹರೆಯದ ವಾಲ್ಟರ್ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೂ ಅವನಿಗೆ ಈ ಸೀಮೆಯ ನಂಟು ಬಿಡಲಿಲ್ಲ. ಊರೂರಿನ ಕನ್ನಡ ಶಾಸನಗಳ ಪ್ರತಿ ಮಾಡಿಸಿದ. ಧಾರವಾಡದ ಸುತ್ತಲಿನ ಕಾಡುಪ್ರಾಣಿಗಳನ್ನು ಗಮನಿಸಿ, 1839ರಲ್ಲಿ ಇಲ್ಲಿನ ಸಸ್ತನಿಗಳ ಪಟ್ಟಿಯನ್ನೇ ಪ್ರಕಟಿಸಿದ.

ಮುಂದೆ ಪೂರ್ವ ಕರಾವಳಿಗೆ ವರ್ಗವಾದಾಗಲೂ ಈ ಹವ್ಯಾಸ ಅವನ ಜೊತೆಗೇ ಹೋಯಿತು. 1852ರಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ವಿಚಿತ್ರವಾದ ಡಾಲ್ಫಿನ್ ಒಂದು ಸಿಕ್ಕಿತು. ಅದರ ತಲೆ ಗುಂಡಗೆ, ಮುಂದಕ್ಕೆ ಚಾಚಿದ ಮೂತಿಯೇ ಇಲ್ಲ, ಬೆನ್ನಿನ ರೆಕ್ಕೆ ತೀರಾ ಗಿಡ್ಡ. ಅದರ ತಲೆಬುರುಡೆ ಲಂಡನ್ನಿಗೆ ತಲುಪಿ, 1866ರಲ್ಲಿ ರಿಚರ್ಡ್ ಓವನ್ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿದ. ಓರ್ಸೆಲ್ಲಾ ಬ್ರೆವಿರಾಸ್ಟ್ರಿಸ್ ಎಂದು ಇವತ್ತು ಕರೆಯುವುದು ಇದನ್ನೇ. ಲೋಕಕ್ಕೆಲ್ಲ ಇದು ಐರಾವತಿ ಡಾಲ್ಫಿನ್. ಮೊದಲ ಮಾದರಿ ಕೊಟ್ಟ ಆಂಧ್ರದ ಬಂದರಿನ ನೆನಪು ಹೆಸರಿನಲ್ಲಿ ಉಳಿಯಲಿಲ್ಲ.

ಐರಾವತಿಯ ಹೆಸರು ಅಂಟಿದ್ದು ಜಾನ್ ಆಂಡರ್ಸನ್‌ನಿಂದಾಗಿ. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಮುಖ್ಯಸ್ಥನಾಗಿದ್ದ ಅವನು 1868ರಲ್ಲಿ ಬರ್ಮಾದ ಮೂಲಕ ಯುನ್ನಾನಿನತ್ತ ಹೊರಟ ತಂಡದಲ್ಲಿದ್ದ. ಕಡಲಿನಿಂದ ಸಾವಿರ ಕಿಲೋಮೀಟರಿಗೂ ಆಚೆ, ಐರಾವತಿ ನದಿಯ ಸಿಹಿನೀರಿನಲ್ಲಿ, ಅದೇ ಗುಂಡುತಲೆಯ ಪ್ರಾಣಿಗಳು ಉಸಿರಿಗಾಗಿ ಮೇಲೆದ್ದು ಮುಳುಗುತ್ತಿದ್ದವು. ಹೊಳೆಯದು ಕಡಲಿನದರಂತೆ ಇರಲಾರದೆಂದು ಬಗೆದ ಆಂಡರ್ಸನ್ 1871ರಲ್ಲಿ ಅದಕ್ಕೆ ಬೇರೆ ಪ್ರಭೇದದ ಪಟ್ಟ ಕಟ್ಟಿದ.

ಅವನು ಬರೆದಿಟ್ಟಿದ್ದರಲ್ಲಿ ಬಲು ಬೆಲೆಯುಳ್ಳದ್ದು ಬೆಸ್ತರ ಸಂಗತಿ. ನದಿಯ ಒಂದೊಂದು ಹಳ್ಳಿಯವರೂ ತಮ್ಮದೆಂಬ ಡಾಲ್ಫಿನ್ ಇದೆಯೆಂದು ನಂಬಿದ್ದರು. ತಮ್ಮ ಡಾಲ್ಫಿನ್ ಇನ್ನೊಬ್ಬರ ಬಲೆ ತುಂಬಿಸಿದರೆ, ಆ ಮೀನಿನಲ್ಲಿ ಪಾಲು ಕೇಳಿ ನ್ಯಾಯಸ್ಥಾನಕ್ಕೂ ಹೋಗುತ್ತಿದ್ದರಂತೆ! ಇದು ಬರೀ ನಂಬಿಕೆಯಲ್ಲ. ಮಂಡಾಲೆಯ ಮೇಲಿನ ಹೊಳೆಯಲ್ಲಿ ಬೆಸ್ತರು ಇಂದಿಗೂ ಮರದ ಸಣ್ಣ ಗೂಟದಿಂದ ದೋಣಿಯ ಅಂಚನ್ನು ತಟ್ಟಿ, ಗಂಟಲಿನಿಂದ ಸದ್ದು ಹೊರಡಿಸಿ ಡಾಲ್ಫಿನ್‌ಗಳನ್ನು ಕರೆಯುತ್ತಾರೆ. ಅವು ಮೀನಿನ ಹಿಂಡನ್ನು ದೋಣಿಯತ್ತ ಅಟ್ಟಿ ತರುತ್ತವೆ. ಬಾಲ ಎತ್ತಿ ಸನ್ನೆ ಮಾಡಿದೊಡನೆ ಬೆಸ್ತ ಬೀಸುಬಲೆ ಎಸೆಯುತ್ತಾನೆ. ದಿಕ್ಕುತಪ್ಪಿದ ಮೀನು ಡಾಲ್ಫಿನ್‌ಗಳ ಪಾಲು. ಈ ಕೂಟವನ್ನು ಉಳಿಸಲೆಂದೇ ಮ್ಯಾನ್ಮಾರ್ 2005ರಲ್ಲಿ ಮಿಂಗುನ್‌ನಿಂದ ಚೌಕ್ಮ್ಯಾಂಗ್‌ವರೆಗಿನ 74 ಕಿಲೋಮೀಟರ್ ಹೊಳೆಯನ್ನು ರಕ್ಷಿತವೆಂದು ಸಾರಿತು.

ಆಂಡರ್ಸನ್ ಮಾಡಿದ ವಿಂಗಡಣೆ ನಿಲ್ಲಲಿಲ್ಲ. ಹೊಳೆಯದೂ ಕಡಲಿನದೂ ಒಂದೇ ಪ್ರಭೇದವೆಂದು ಮುಂದಿನವರು ತೀರ್ಮಾನಿಸಿದರು. ಅದು ಸರಿಯಾದ ತೀರ್ಮಾನ. ಚಿಲಿಕಾದ ಚೌಳುನೀರಿನಲ್ಲೂ ಐರಾವತಿ, ಮೆಕಾಂಗ್‌ಗಳ ಸಿಹಿನೀರಿನಲ್ಲೂ ಈಜುವುದು ಇದೊಂದೇ. ಉದ್ದ ಮೂತಿಯ, ಕಣ್ಣಿನಲ್ಲಿ ಮಸೂರವೇ ಇಲ್ಲದ ಗಂಗಾ ಡಾಲ್ಫಿನ್ ಮಾತ್ರ ಬೇರೆ ಕುಲದ್ದು.

ನಿಜವಾದ ಗಡಿ ಇದ್ದದ್ದು ಇನ್ನೊಂದು ಕಡೆ. ಆಸ್ಟ್ರೇಲಿಯಾದ ಟೌನ್ಸ್‌ವಿಲ್ ಬಳಿ, ಈಜುವವರ ರಕ್ಷಣೆಗೆ ಕಟ್ಟಿದ ಶಾರ್ಕ್ ಬಲೆಗಳಲ್ಲಿ ಸಿಕ್ಕಿ ಸತ್ತ ಡಾಲ್ಫಿನ್‌ಗಳನ್ನು ಜಾರ್ಜ್ ಹೈನ್ಸನ್ ಸಂಗ್ರಹಿಸಿಟ್ಟಿದ್ದರು. ಅವನ್ನೂ ಬಹುಕಾಲ ಐರಾವತಿ ಡಾಲ್ಫಿನ್ ಎಂದೇ ಎಣಿಸಲಾಗಿತ್ತು. ಇಸಬೆಲ್ ಬೀಸ್ಲಿ ಮತ್ತು ಸಂಗಡಿಗರು ತಲೆಬುರುಡೆ, ಮೈಬಣ್ಣ, ವಂಶವಾಹಿಗಳನ್ನು ಹೋಲಿಸಿದಾಗ ವ್ಯತ್ಯಾಸ ಬಯಲಾಯಿತು. ಏಷ್ಯಾದ್ದಕ್ಕೆ ಎರಡು ಬಣ್ಣ. ಆಸ್ಟ್ರೇಲಿಯಾದ್ದಕ್ಕೆ ಮೂರು: ಬೆನ್ನು ಕಡುಗಂದು, ಪಕ್ಕೆ ತಿಳಿಗಂದು, ಹೊಟ್ಟೆ ಬಿಳಿ. ಏಷ್ಯಾದ್ದರ ಬೆನ್ನ ನಡುವೆ, ರೆಕ್ಕೆಯ ಮುಂದೆ, ಸಣ್ಣ ತೋಡು ಇರುತ್ತದೆ, ಇನ್ನೊಂದಕ್ಕೆ ಅದಿಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಪ್ರಭೇದಕ್ಕೆ ಹೈನ್ಸನ್ನರ ಹೆಸರನ್ನೇ ಇಟ್ಟರು. ಕರಾವಳಿಯ ತೆಳುನೀರಿಗೆ ಅಂಟಿಕೊಂಡು ಬಾಳುವ ಈ ಜೀವಿಗಳಿಗೆ ಹೊಳೆಯ ಬಾಯಿ ತಡೆಯಾಗಲಿಲ್ಲ, ನಡುವಿನ ಆಳದ ಕಡಲು ತಡೆಯಾಯಿತು.

ಕಾರವಾರದ ಕರಾವಳಿಯಲ್ಲಿ ಕಾಣುವ ಗೂನುಬೆನ್ನಿನ ಡಾಲ್ಫಿನ್‌ಗಳ ಕಥೆಯೂ ಇದೇ ಹಾದಿ ಹಿಡಿಯಿತು. ಅವುಗಳ ಬಳಗದಲ್ಲಿ ಎಷ್ಟು ಪ್ರಭೇದಗಳೆಂಬ ವಾದ ಬಹುಕಾಲ ನಡೆದು, 2014ರಲ್ಲಿ ನಾಲ್ಕೆಂದು ನಿಂತಿತು. ಆಗ ಹೊಸದಾಗಿ ಹೆಸರು ಪಡೆದದ್ದೂ ಆಸ್ಟ್ರೇಲಿಯಾದ್ದೇ.