ಹದಿನಾರರ ಗ್ರೇಡು

ಮಿನೆಸೋಟದ ಒಂದು ಕಮ್ಯುನಿಟಿ ಕಾಲೇಜಿನ ದಾಖಲೆ ವಿಭಾಗದಲ್ಲಿ ನನಗೆ ಕೆಲಸ. ಹೈಸ್ಕೂಲಿನಲ್ಲಿದ್ದಾಗಲೇ ನಮ್ಮಲ್ಲಿ ಒಂದೆರಡು ಕೋರ್ಸು ಮುಗಿಸಿದ ಮಕ್ಕಳು, ಬೇರೆ ಕಾಲೇಜುಗಳಿಗೆ ಅರ್ಜಿ ಹಾಕುವ ಹೊತ್ತಿಗೆ ಟ್ರಾನ್ಸ್‌ಕ್ರಿಪ್ಟ್ ಕೇಳಿಕೊಂಡು ಬರುತ್ತಾರೆ. ಹೋದ ವರ್ಷ ಕನ್ನಡದ ಮನೆಯ ಹುಡುಗಿಯೊಬ್ಬಳು, "ಆಂಟಿ, ಆ ಸಿ ಗ್ರೇಡೊಂದು ಬಿಟ್ಟು ಮಿಕ್ಕಿದ್ದು ಕಳಿಸೋಕಾಗುತ್ತಾ?" ಎಂದಳು. ಆಗುವುದಿಲ್ಲ. ಯಾಕೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶಾಲೆಯಲ್ಲೇ ಕಾಲೇಜಿನ ಪಾಠ ಎಂಬ ಯೋಚನೆ ಅಮೆರಿಕದಲ್ಲಿ ಬಲಗೊಂಡದ್ದು 1950ರ ದಶಕದಲ್ಲಿ. ಫೋರ್ಡ್ ಫೌಂಡೇಶನ್ನಿನ ಹಣ ಬಂತು, ಒಹಾಯೋದ ಕೆನ್ಯನ್ ಕಾಲೇಜು ಮುಂದೆ ನಿಂತಿತು, 1955ರಲ್ಲಿ ಕಾಲೇಜ್ ಬೋರ್ಡ್ ಹೊಣೆ ಹೊತ್ತುಕೊಂಡಿತು. ಅದೇ ಇಂದಿನ ಎಪಿ, ಅಂದರೆ ಅಡ್ವಾನ್ಸ್ಡ್ ಪ್ಲೇಸ್ಮೆಂಟ್. ಅದರಲ್ಲಿ ಪಾಠ ಶಾಲೆಯದು, ಕೊನೆಯ ಪರೀಕ್ಷೆ ಮಾತ್ರ ಹೊರಗಿನದು. ಪರೀಕ್ಷೆ ಕೆಟ್ಟರೆ ಸಾಮಾನ್ಯವಾಗಿ ಆ ಅಂಕವನ್ನು ಕಳಿಸದೆ ಇರಬಹುದು.

ಇನ್ನೊಂದು ದಾರಿ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸಿನಿಂದ ಹೊರಟಿತು. ಕೊನೆಯ ವರ್ಷದ ಮಕ್ಕಳಿಗೆ ಓದಿನಲ್ಲಿ ಆಸಕ್ತಿಯೇ ಉಳಿಯುತ್ತಿಲ್ಲವೆಂದು ಅಲ್ಲಿನ ಹೈಸ್ಕೂಲುಗಳು ವಿಶ್ವವಿದ್ಯಾಲಯದ ಬಾಗಿಲು ತಟ್ಟಿದವು. 1970ರ ದಶಕದ ಆರಂಭದಲ್ಲಿ 'ಪ್ರಾಜೆಕ್ಟ್ ಅಡ್ವಾನ್ಸ್' ಹುಟ್ಟಿತು. ವಿಶ್ವವಿದ್ಯಾಲಯ ಶಾಲೆಯ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟು ತನ್ನ ಕೋರ್ಸುಗಳನ್ನು ಅವರ ಕೈಯಲ್ಲಿ ಪಾಠ ಮಾಡಿಸಿತು. ಗ್ರೇಡು ದಾಖಲಾದದ್ದು ವಿಶ್ವವಿದ್ಯಾಲಯದ ಪುಸ್ತಕದಲ್ಲಿ. ನನ್ನ ಪ್ರಕಾರ ದೊಡ್ಡ ತಿರುವು ಇದೇ. ಎಪಿಯಲ್ಲಿ ಒಂದು ಮಧ್ಯಾಹ್ನದ ಪರೀಕ್ಷೆ. ಇಲ್ಲಿ ಇಡೀ ಸೆಮಿಸ್ಟರ್, ಅದರ ಜ್ವರ, ಅದರ ತಪ್ಪಿದ ಅಸೈನ್‌ಮೆಂಟು ಸಮೇತ.

ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಕೋರ್ಸು ಓದುವುದನ್ನು ರಾಜ್ಯದ ಕಾನೂನು ಮಾಡಿದ್ದು ನಮ್ಮ ಮಿನೆಸೋಟ, 1985ರಲ್ಲಿ. ಆಗಿನ ಗವರ್ನರ್ ರೂಡಿ ಪರ್ಪಿಚ್, ಕಬ್ಬಿಣದ ಗಣಿಗಳ ನಾಡಿಗೆ ಕ್ರೊವೇಷಿಯದಿಂದ ವಲಸೆ ಬಂದ ಗಣಿ ಕಾರ್ಮಿಕನ ಮಗ. ಆ ಕಾನೂನಿನಂತೆ ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳು ಕಾಲೇಜಿಗೇ ಹೋಗಿ ಓದಬಹುದು, ಶಾಲೆಗೆ ಸಲ್ಲುವ ಸರ್ಕಾರಿ ದುಡ್ಡಿನಲ್ಲಿ ಒಂದು ಪಾಲು ಮಗುವಿನ ಹಿಂದೆ ಕಾಲೇಜಿಗೆ ಬರುತ್ತದೆ. ಫೀಸಿಲ್ಲ, ಪುಸ್ತಕಕ್ಕೂ ದುಡ್ಡು ಕೊಡಬೇಕಿಲ್ಲ. ಶಿಕ್ಷಕರ ಸಂಘಗಳು ವಿರೋಧಿಸಿದವು, ಕಾನೂನು ಉಳಿಯಿತು. ಬಡವರ ಮಕ್ಕಳಿಗೆ ಇಷ್ಟು ಉಪಕಾರ ಮಾಡಿದ ಕಾನೂನುಗಳು ಕಡಿಮೆ ಎಂದು ನಾನು ನಂಬಿದ್ದೇನೆ.

ಆದರೆ ಹದಿನಾರರ ಮಗು ನಮ್ಮ ಕಡತದಲ್ಲಿ ಪೂರ್ತಿ ಕಾಲೇಜು ವಿದ್ಯಾರ್ಥಿ. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆ ಕಾಯುವ 1974ರ ಫರ್ಪಾ ಕಾನೂನಿನಂತೆ ಕಾಲೇಜಿನ ದಾಖಲೆಯ ಹಕ್ಕು ವಯಸ್ಸೆಷ್ಟೇ ಇದ್ದರೂ ವಿದ್ಯಾರ್ಥಿಯದೇ. "ನನ್ನ ಮಗಳ ಗ್ರೇಡು ನನಗೇ ಹೇಳಲ್ವಾ?" ಎಂದು ಅಮ್ಮಂದಿರು ಫೋನಿನಲ್ಲಿ ಅಳುವುದನ್ನು ಕೇಳಿದ್ದೇನೆ. ಇತ್ತ ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಓದಿದ ಕಾಲೇಜುಗಳನ್ನು ಕೇಳುವ ಜಾಗವೇ ಇದೆ. ಸೇರಿಸಿಕೊಳ್ಳುವ ಎಷ್ಟೋ ಕಾಲೇಜುಗಳು ನಮ್ಮಿಂದ ನೇರ ಬರುವ ಟ್ರಾನ್ಸ್‌ಕ್ರಿಪ್ಟನ್ನೇ ಕೇಳುತ್ತವೆ. ಕ್ರೆಡಿಟ್ ಬೇಡವೆಂದರೂ ಗ್ರೇಡು ಅಳಿಯುವುದಿಲ್ಲ. ಗಡುವು ದಾಟಿ ಕೋರ್ಸು ಬಿಟ್ಟರೆ, ಬಿಟ್ಟದ್ದಕ್ಕೆ ಗುರುತಾಗಿ ಡಬ್ಲ್ಯೂ ಉಳಿಯುತ್ತದೆ.

ಮುಂದೆ ಮೆಡಿಕಲ್‌ಗೆ ಹೊರಟರೆ ಎಎಮ್‌ಕ್ಯಾಸ್ ಎಂಬ ಮೆಡಿಕಲ್ ಕಾಲೇಜುಗಳ ಅರ್ಜಿಯಲ್ಲೂ ಅವೇ ಕೋರ್ಸುಗಳನ್ನು ತುಂಬಬೇಕು. ಒಂದು ಸಮಾಧಾನವೆಂದರೆ ಅಲ್ಲಿ ಅವು ಹೈಸ್ಕೂಲಿನ ಕಾಲದವು ಎಂದು ಗುರುತು ಮಾಡುವ ಏರ್ಪಾಡಿದೆ. ಓದುವವರಿಗೆ ಮಗುವಿನ ವಯಸ್ಸು ತಿಳಿಯುತ್ತದೆ. ಪ್ರತಿಯೊಂದು ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲೂ ಅಂಥ ಗುರುತು ಇರಬೇಕೆಂಬುದು ನನ್ನ ಆಸೆ. ಸಿ ಗ್ರೇಡಿನ ಆ ಹುಡುಗಿಗೆ ಕೋರ್ಸು ಬಿಡುವ ಗಡುವಿನ ವಿಚಾರವನ್ನು ಸೇರುವ ದಿನವೇ ಯಾರೂ ಹೇಳಿರಲಿಲ್ಲ.