ಡಾಲ್ಫಿನ್ ಹೋಯ್ತು, ಎಂಟ್ನೂರು ಉಳೀತು

ಸಿದ್ದಾಪುರ ಅಂದ ತಕ್ಷಣ ಕೊಡಗಿನದ್ದಾ, ಶಿರಸಿ ಪಕ್ಕದ್ದಾ ಅಂತ ಕೇಳ್ತಾರೆ. ಎರಡೂ ಅಲ್ಲ ಸ್ವಾಮಿ, ಇದು ಮೊಳಕಾಲ್ಮೂರು ತಾಲ್ಲೂಕಿನದ್ದು. 1892ರಲ್ಲಿ ಬಿ.ಎಲ್. ರೈಸ್ ಅವರು ಅಶೋಕನ ಶಾಸನ ಪತ್ತೆ ಮಾಡಿದ್ರಲ್ಲ, ಅದೇ ಊರು. ಶಾಸನದ ಬಗ್ಗೆ ತಿಳಿದವರು ಬೇಕಾದಷ್ಟು ಬರೆದಿದ್ದಾರೆ. ನಾನು ಅಷ್ಟೇನೂ ಹಳೇದಲ್ಲದ ಒಂದು ವಸ್ತುವಿನ ಇತಿಹಾಸ ಹೇಳ್ತೀನಿ... ಈ ಕಡೆ ಇನ್ನೂ ಓಡ್ತಿರೋ ಮಾರುತಿ 800.

ಮಾರುತಿಗಿಂತ ಮೊದಲೇ ನಮ್ಮ ರಾಜ್ಯದಲ್ಲೇ ಒಂದು ಪುಟ್ಟ ಕಾರು ತಯಾರಾಗ್ತಿತ್ತು ಅನ್ನೋದು ಬಹಳ ಜನಕ್ಕೆ ಮರೆತೇ ಹೋಗಿದೆ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ತಂದ ಡಾಲ್ಫಿನ್ ಅದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರೇ ಅದಕ್ಕೆ ಮೂಲ. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಫೈಬರ್‌ಗ್ಲಾಸ್ ಬಾಡಿ. ಬಾಡಿಗೆ ತುಕ್ಕು ಹಿಡಿಯೋ ಮಾತೇ ಇಲ್ಲ! ಹಗುರ ಇದ್ದಿದ್ದರಿಂದ ರ್‍ಯಾಲಿ ಓಡಿಸೋರಿಗೆ ಅಚ್ಚುಮೆಚ್ಚು. ಆದ್ರೆ ಬಾಗಿಲು ಎರಡೇ. ಅಜ್ಜಿನ ಹಿಂದಿನ ಸೀಟಿಗೆ ಕೂರಿಸೋದು ಹೇಗೆ ಹೇಳಿ?

1983ರ ಡಿಸೆಂಬರ್ 14ಕ್ಕೆ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿ ಕೊಟ್ರು. ನಾಲ್ಕು ಬಾಗಿಲು, 796 ಸಿಸಿ, ಬೆಲೆ ಐವತ್ತು ಸಾವಿರದ ಆಸುಪಾಸು. ಸಿಪಾನಿಯವರೂ 1987ರಲ್ಲಿ ಮೊಂಟಾನಾ ಅಂತ ನಾಲ್ಕು ಬಾಗಿಲಿನ ಕಾರು ಮಾಡಿದ್ರು. ಅಷ್ಟೊತ್ತಿಗೆ ಊರೂರಲ್ಲೂ ಮಾರುತಿ.

ಬಾಗಿಲಿನ ಕತೆ ಅರ್ಧ ಮಾತ್ರ. ಕಾರು ಕೊಳ್ಳೋದು ಒಂದು ದಿನದ ಕೆಲಸ, ಇಟ್ಟುಕೊಳ್ಳೋದು ವರ್ಷಗಟ್ಟಲೆಯದು. ಕಡಿಮೆ ಓಡಾಡೋ ಕಾರಿನ ಸಾಮಾನನ್ನ ಯಾವ ಅಂಗಡಿಯವನೂ ತಂದಿಡಲ್ಲ, ಅದರ ರಿಪೇರಿ ಕಲಿಯೋಕೆ ಯಾವ ಹುಡುಗನೂ ಕೂರಲ್ಲ. 800ರದ್ದು ತದ್ವಿರುದ್ಧ. ಅದೇ 796 ಸಿಸಿ, ಮೂರು ಸಿಲಿಂಡರ್ ಎಂಜಿನ್ನನ್ನ 1984ರಲ್ಲಿ ಮಾರುತಿ ವ್ಯಾನಿಗೂ ಹಾಕಿದ್ರು. ಆಮೇಲೆ ಓಮ್ನಿ ಅಂತ ಹೆಸರಾಗಿ 2019ರವರೆಗೂ ತಯಾರಾಯ್ತಲ್ಲ, ಅದೇ ವ್ಯಾನು. ಅಂದ್ರೆ ಓಮ್ನಿ ಬಿಚ್ಚಿದವನಿಗೆ 800 ಹೊಸದಲ್ಲ. ನಮ್ಮನೆಯದು 1998ರ ಕಾರ್ಬುರೇಟರ್ ಮಾಡೆಲ್. ಒಮ್ಮೆ ರಾಂಪುರದ ಹತ್ತಿರ ಕ್ಲಚ್ ಕೇಬಲ್ ತುಂಡಾಯ್ತು. ರಸ್ತೆ ಬದಿಯ ಗ್ಯಾರೇಜಿನ ಗೋಡೆ ಮೇಲೆ ಅದೇ ಕೇಬಲ್ ನೇತಾಡ್ತಿತ್ತು! ಅರ್ಧ ಗಂಟೇಲಿ ಮತ್ತೆ ಹೊರಟ್ವಿ :)

2010ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಂದು ಬೆಂಗಳೂರೂ ಸೇರಿ 13 ನಗರಗಳಲ್ಲಿ 800ರ ಮಾರಾಟ ನಿಂತಿತು. ಸಣ್ಣ ಊರುಗಳಲ್ಲಿ ಇನ್ನೂ ಸಿಗ್ತಿತ್ತು. 2014ರ ಜನವರಿ 18ಕ್ಕೆ ತಯಾರಿಕೆಯೇ ಮುಗೀತು.

ಈಗಿನ ತಲೆಬಿಸಿ ಬೇರೆ. ಆರ್‌.ಸಿ. ನವೀಕರಣಕ್ಕೆ 2018ರಲ್ಲಿ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯ್ತು. ನಾವು 2023ರಲ್ಲಿ ಕಟ್ಟಿದ್ವಿ. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನ 10,000ಕ್ಕೆ ಏರಿಸಿದ್ರು. ಹಳ್ಳಿಯಲ್ಲಿ ಹಳೇ ಕಾರು ಇಟ್ಟುಕೊಳ್ಳೋನು ಶೋಕಿಗೆ ಇಟ್ಟುಕೊಂಡಿರಲ್ಲ, ಹೊಸದು ಕೊಳ್ಳೋಕಾಗದೆ ಇಟ್ಟುಕೊಂಡಿರ್ತಾನೆ. ಇದನ್ನ ಯಾರಿಗೆ ಹೇಳೋದು? ಜೊತೆಗೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲು. ಹಳೇ ರಬ್ಬರ್ ಭಾಗಗಳಿಗೆ ಅದು ಒಗ್ಗಲ್ಲ. ಪೆಟ್ರೋಲ್ ಪೈಪು, ಕಾರ್ಬುರೇಟರ್ ಗ್ಯಾಸ್ಕೆಟ್ ಎರಡನ್ನೂ ಬದಲಿಸಿದ್ದಾಯ್ತು. ಸಾಮಾನು ಚಳ್ಳಕೆರೆಯಲ್ಲೇ ಸಿಕ್ಕಿತು.

ನಿಮ್ಮಲ್ಲಿ ಯಾರ ಮನೇಲಾದ್ರೂ ಡಾಲ್ಫಿನ್ ಇತ್ತಾ? ಅದರ ಸಾಮಾನು ಎಲ್ಲಿಂದ ತರ್ತಿದ್ರಿ?