ಮೈಸೂರು ಎಂದು ಬರೆದ ಹೆಸರುಗಳು
(ಬಾನುಲಿ ಭಾಷಣ)

ಮೊಳಕಾಲ್ಮುರು ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಶಾಸನದ ಕೊನೆಗೆ ಅದನ್ನು ಬರೆದ ಚಪಡನೆಂಬಾತನ ಹೆಸರಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ಲಿಪಿಕಾರ ಎಂಬ ಒಂದು ಮಾತು ಮಾತ್ರ ವಾಯವ್ಯ ಗಡಿನಾಡಿನ ಖರೋಷ್ಠಿ ಲಿಪಿಯಲ್ಲಿದೆ. ಅಷ್ಟರಿಂದಲೇ ವಿದ್ವಾಂಸರು ಆತ ಬಹುದೂರದಿಂದ ಬಂದವನು, ಇಲ್ಲವೇ ಆ ಕಡೆಯ ವಿದ್ಯೆ ಕಲಿತವನು ಎಂದು ತರ್ಕಿಸಿದರು. ಒಂದು ಹೆಸರನ್ನೂ ಅದರ ಪಕ್ಕದ ಗುರುತನ್ನೂ ಎಚ್ಚರದಿಂದ ಓದಿದರೆ ಎಷ್ಟು ಚರಿತ್ರೆ ಹೊರಡುತ್ತದೆಂಬುದಕ್ಕೆ ಇದು ಸಾಕ್ಷಿ.

ಈ ದಿನ ನಾನು ಓದಲು ಹೊರಟಿರುವುದು ಇನ್ನೊಂದು ಬಗೆಯ ಪಟ್ಟಿಯನ್ನು. ಸ್ವತಂತ್ರ ಭಾರತವು ಒಲಿಂಪಿಕ್ ಕ್ರೀಡೆಗಳಿಗೆ ಕಳುಹಿಸಿದ ಫುಟ್ಬಾಲ್ ತಂಡಗಳ ಪಟ್ಟಿ ಅದು. 1948ರಿಂದ 1960ರವರೆಗೆ ಲಂಡನ್, ಹೆಲ್ಸಿಂಕಿ, ಮೆಲ್ಬರ್ನ್, ರೋಮ್ ಹೀಗೆ ನಾಲ್ಕು ಬಾರಿ ನಮ್ಮ ತಂಡ ಹೋಯಿತು. 1960ರ ನಂತರ ಭಾರತದ ಫುಟ್ಬಾಲ್ ತಂಡ ಒಲಿಂಪಿಕ್ಸ್ ಅಂಗಳವನ್ನು ಮತ್ತೆ ಕಂಡಿಲ್ಲ. ಆದ್ದರಿಂದ ಈ ನಾಲ್ಕು ಪಟ್ಟಿಗಳು ಮುಗಿದುಹೋದ ಒಂದು ಯುಗದ ದಾಖಲೆಗಳು.

1948ರ ಪಟ್ಟಿಯಲ್ಲಿ ಕೆ. ವಿ. ವರದರಾಜ್, ಎಸ್. ರಾಮನ್, ಬಿ. ಎನ್. ವಜ್ರವೇಲು, ಅಹ್ಮದ್ ಖಾನ್, ಧನರಾಜ್ ಎಂಬ ಹೆಸರುಗಳಿವೆ. ಇವರೆಲ್ಲ ಮೈಸೂರಿನ ಆಟಗಾರರು. ಹೆಸರಿನಲ್ಲೇ ಕರಾವಳಿಯ ಉಚ್ಚಿಲವನ್ನು ಹೊತ್ತ ಸಂಜೀವ ಉಚ್ಚಿಲ್ ಅವರೂ ಆ ತಂಡದಲ್ಲಿದ್ದರು. ಆದರೆ ಅವರು ಮುಂಬಯಿಯ ಆಟಗಾರರೆಂದು ಎಣಿಸಲ್ಪಟ್ಟವರು. ಆಟಗಾರನಿಗೆ ಹುಟ್ಟಿದ ಊರಿಗಿಂತ ಆಡಿದ ಊರೇ ವಿಳಾಸವೆಂಬುದನ್ನು ಇಲ್ಲಿ ಗಮನಿಸಬೇಕು.

ಆ ವರ್ಷದ ಜುಲೈ 31ರಂದು ಲಂಡನ್ನಿನ ಬಳಿಯ ಇಲ್ಫರ್ಡಿನಲ್ಲಿ ಭಾರತ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಮೊದಲು ಫ್ರಾನ್ಸ್ ಒಂದು ಗೋಲು ಹೊಡೆಯಿತು. ಎಪ್ಪತ್ತನೆಯ ನಿಮಿಷದಲ್ಲಿ ರಾಮನ್ ಅದನ್ನು ಸರಿಗಟ್ಟಿದರು. ಎರಡು ಪೆನಾಲ್ಟಿಗಳು ದೊರೆತವು, ಎರಡೂ ಕೈತಪ್ಪಿದವು. ಇನ್ನೇನು ಆಟ ಮುಗಿಯಬೇಕೆನ್ನುವಾಗ ಫ್ರಾನ್ಸ್ ಇನ್ನೊಂದು ಗೋಲು ಗಳಿಸಿ 2–1ರಿಂದ ಗೆದ್ದಿತು. ನಾಲ್ಕು ವರ್ಷಗಳ ಬಳಿಕ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಎರಡು ಒಲಿಂಪಿಕ್ಸ್‌ಗಳಲ್ಲಿಯೂ ಭಾರತ ಆಡಿದ್ದು ಒಂದೊಂದೇ ಪಂದ್ಯ. ಎಂದರೆ ಒಲಿಂಪಿಕ್ ಫುಟ್ಬಾಲಿನಲ್ಲಿ ಭಾರತದ ಮೊದಲ ಎರಡು ಗೋಲುಗಳೂ ಮೈಸೂರಿನವರ ಕಾಲಿನಿಂದಲೇ ಬಂದವು. ಈ ಸಂಗತಿ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆ?

ಈಗ ಮೈಸೂರು ಎಂಬ ಮಾತನ್ನು ತುಸು ಬಿಡಿಸಿ ನೋಡೋಣ. ನನ್ನ ಊರು ನನ್ನಿವಾಳ. ಚಳ್ಳಕೆರೆ ತಾಲ್ಲೂಕಿಗೆ ಸೇರಿದ್ದು, ಮ್ಯಾಸನಾಯಕರ ಕಟ್ಟೆಮನೆಗಳಲ್ಲಿ ಒಂದೆಂದು ಹೆಸರಾದದ್ದು. 1948ರಲ್ಲಿ ಅದೂ ಮೈಸೂರಿನ ಊರೇ. ಮೊಳಕಾಲ್ಮುರಿನಾಚೆಯ ಬಳ್ಳಾರಿ ಆಗ ಮದರಾಸಿಗೆ ಸೇರಿತ್ತು. ಅದು ಮೈಸೂರಿಗೆ ಬಂದದ್ದು 1953ರ ಅಕ್ಟೋಬರಿನಲ್ಲಿ. ಆ ಲೆಕ್ಕದಲ್ಲಿ ನಮ್ಮೂರಿನ ಹುಡುಗನೊಬ್ಬ ಚೆಂಡಾಡಿದ್ದರೆ ಮೈಸೂರಿನವನಾಗುತ್ತಿದ್ದ, ಗಡಿಯಾಚೆಯ ಅವನ ಸೋದರಮಾವನ ಮಗ ಮದರಾಸಿನವನಾಗುತ್ತಿದ್ದ. ಆದರೆ ಚೆಂಡಾಡಿದವರು ನಮ್ಮ ಕಡೆಯ ಯಾರೂ ಅಲ್ಲ. ನಾನು ಬಲ್ಲ ನನ್ನಿವಾಳದ ಆಟಗಳು ಚಿಣ್ಣಿದಾಂಡು, ಲಗೋರಿ, ಕಬಡ್ಡಿ. ಅವಕ್ಕೆ ಕಾಸಿನ ಖರ್ಚಿರಲಿಲ್ಲ. ತೊಗಲಿನ ಚೆಂಡು, ಅದರೊಳಗಿನ ರಬ್ಬರಿನ ಬುಗ್ಗೆ, ಗಾಳಿ ತುಂಬುವ ಪಂಪು, ಇವು ಬರಗಾಲದ ಸೀಮೆಗೆ ದೂರದ ವಸ್ತುಗಳು.

ಹಾಗಾದರೆ ಆ ಮೈಸೂರು ಯಾವುದು? ಅದು ಬಹುಮಟ್ಟಿಗೆ ಬೆಂಗಳೂರು, ಅದರಲ್ಲಿಯೂ ದಂಡು ಪ್ರದೇಶ. 1809ರಲ್ಲಿ ಅಲ್ಲಿ ಬ್ರಿಟಿಷರ ದಂಡು ನೆಲೆಯಾಯಿತು. ಸಿಪಾಯಿಗಳ ಜೊತೆಗೆ ಅವರ ಆಟವೂ ಬಂತು. ದಂಡಿಗೆ ದಿನಸಿ ಒದಗಿಸುವವರು, ಬಟ್ಟೆ ಒಗೆಯುವವರು, ಬಂಗಲೆಗಳ ಆಳುಗಳು, ಸಣ್ಣ ಗುಮಾಸ್ತರು, ಹೀಗೆ ಹಲವು ಕಡೆಯಿಂದ ಬಂದ ಜನ ಹಲಸೂರು, ಶಿವಾಜಿನಗರಗಳ ಸುತ್ತ ನೆಲೆಸಿದರು. ರೆಜಿಮೆಂಟುಗಳ ಆಟವನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿದವರ ಮಕ್ಕಳು ಮುಂದೆ ಮೈದಾನದೊಳಗೆ ಇಳಿದರು. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ 1937 ಮತ್ತು 1938ರಲ್ಲಿ ಸತತವಾಗಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ದಂಡಿನ ತಂಡಗಳು ಮೆರೆಯುತ್ತಿದ್ದ ಕಪ್ಪನ್ನು ಊರಿನ ಹುಡುಗರು ತಂದರು. ಇನ್ನೊಂದು ಸ್ವಾರಸ್ಯವಿದೆ. 1946–47ರ ಸಂತೋಷ್ ಟ್ರೋಫಿಯನ್ನು ಮೈಸೂರು ಮೊದಲ ಬಾರಿಗೆ ಗೆದ್ದ ಕಾಲಕ್ಕೆ ದಂಡು ಪ್ರದೇಶ ಇನ್ನೂ ಮೈಸೂರಿನ ಆಡಳಿತಕ್ಕೆ ಸೇರಿರಲಿಲ್ಲ. ಅದು ಮರಳಿ ಬಂದದ್ದು 1947ರ ಜುಲೈನಲ್ಲಿ. ಭೂಪಟಕ್ಕಿಂತ ಮೊದಲೇ ಚೆಂಡು ಆ ನೆಲವನ್ನು ಮೈಸೂರಿಗೆ ಸೇರಿಸಿತ್ತು!

ಬರಿಗಾಲಿನ ಆಟದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದನ್ನು ಬಡತನದ ಗುರುತೆಂದು ಕನಿಕರಿಸುವವರಿದ್ದಾರೆ, ಶೌರ್ಯವೆಂದು ಕೊಂಡಾಡುವವರಿದ್ದಾರೆ. 1911ರಲ್ಲಿ ಮೋಹನ್ ಬಾಗಾನ್ ಒಬ್ಬನನ್ನುಳಿದು ಎಲ್ಲರೂ ಬರಿಗಾಲಿನಲ್ಲಿ ಆಡಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿದಾಗಿನಿಂದ ಅದಕ್ಕೊಂದು ಅಭಿಮಾನ ಬೆಳೆದಿತ್ತು. ಚೆಂಡಿನ ಮೇಲೆ ಬೆರಳುಗಳ ಹಿಡಿತವಿರುತ್ತದೆಂಬುದೂ ನಿಜ. ಆದರೆ ಹೆಲ್ಸಿಂಕಿಯ ಹತ್ತು ಗೋಲುಗಳು ಆ ವಾದವನ್ನು ಮುಗಿಸಿದವು. ಆ ಬಳಿಕ ಬೂಟು ಕಡ್ಡಾಯವಾಯಿತು. ಇವೆರಡರ ನಡುವೆ ಬರೆಯದೇ ಉಳಿದ ಪಟ್ಟಿಯೊಂದಿದೆ. 1950ರಲ್ಲಿ ಬ್ರೆಜಿಲ್ಲಿನ ವಿಶ್ವಕಪ್ಪಿಗೆ ಭಾರತಕ್ಕೆ ದಾರಿ ತೆರೆದಿತ್ತು, ಭಾರತ ಹೋಗಲಿಲ್ಲ. ಬರಿಗಾಲಿನ ಕಾರಣಕ್ಕೆ ತಡೆದರೆಂಬುದು ಜನಪ್ರಿಯವಾದ ಕಥೆ. ಪ್ರಯಾಣದ ದೂರ, ಸಿದ್ಧತೆಯ ಕೊರತೆ, ಒಲಿಂಪಿಕ್ಸ್ ಒಂದೇ ದೊಡ್ಡದೆಂಬ ಅಂದಿನ ಭಾವನೆ, ಇವೇ ಹೆಚ್ಚು ನಂಬತಕ್ಕ ಕಾರಣಗಳು. ಹೋಗಿದ್ದರೆ ಅಹ್ಮದ್ ಖಾನರಂಥವರ ಹೆಸರು ಆ ಪಟ್ಟಿಯಲ್ಲಿ ಇರುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

1956ರಲ್ಲಿ ಮೆಲ್ಬರ್ನಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲಪಿತು, ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಏಷ್ಯದ ಯಾವ ತಂಡವೂ ಅದುವರೆಗೆ ಅಷ್ಟು ದೂರ ಹೋಗಿರಲಿಲ್ಲ. ಆ ಪಟ್ಟಿಯಲ್ಲಿಯೂ 1960ರ ರೋಮ್ ಪಟ್ಟಿಯಲ್ಲಿಯೂ ಎಂ. ಕೆಂಪಯ್ಯ ಎಂಬ ಬೆಂಗಳೂರಿನ ಆಟಗಾರರಿದ್ದಾರೆ. 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಕ್ರೀಡೆಗಳ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು.

ಇವರಲ್ಲಿ ಹಲವರಿಗೆ ಅನ್ನವನ್ನೂ ಕೀರ್ತಿಯನ್ನೂ ಕೊಟ್ಟದ್ದು ಕೋಲ್ಕತ್ತ. ಅಹ್ಮದ್ ಖಾನ್, ಧನರಾಜ್ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿಯ ಐವರು ಮುನ್ನಡೆ ಆಟಗಾರರನ್ನು ಬಂಗಾಳಿಗಳು ಪಂಚಪಾಂಡವರೆಂದು ಕರೆದರು. ಆ ಐವರಲ್ಲಿ ಇವರಿಬ್ಬರೂ ಸೇರಿದ್ದರು. ಕೆಂಪಯ್ಯ, ಅರುಮೈನಾಯಗಂ ಮೋಹನ್ ಬಾಗಾನಿನಲ್ಲಿ ಹೆಸರಾದರು. 2017ರಲ್ಲಿ ಅಹ್ಮದ್ ಖಾನ್ ತೀರಿಕೊಂಡಾಗ ಅವರನ್ನು ನೆನೆದವರಲ್ಲಿ ಬಂಗಾಳದವರೇ ಮುಂದು. ನಾವು ಮಹಾಭಾರತವನ್ನು ಕನ್ನಡದಲ್ಲಿ ಹಾಡಿಕೊಂಡು ಬಂದವರು. ನಮ್ಮ ಈ ಪಾಂಡವರನ್ನು ಗುರುತಿಸಿದವರು ಮಾತ್ರ ಬೇರೆಯವರು.

ಏಕೆ ಹೀಗಾಯಿತು? ಅವರ ಮನೆಮಾತು ಕನ್ನಡವಲ್ಲ, ತಮಿಳು, ಉರ್ದು ಎಂಬ ಉತ್ತರ ನನಗೆ ಹಲವು ಬಾರಿ ಸಿಕ್ಕಿದೆ. ಅದನ್ನು ನಾನು ಒಪ್ಪಲಾರೆ. ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಅಲ್ಲಿಯ ದೇವರ ಎತ್ತುಗಳನ್ನು ಕಾಯುವ ಕಿಲಾರಿಯ ಪದವನ್ನು ಜಾನಪದ ವಿದ್ವಾಂಸರು ಬರೆದುಕೊಳ್ಳುವಾಗ, ಈತ ಈ ನಾಡಿನವನಲ್ಲವೆಂದು ಯಾರೂ ಹೇಳಲಿಲ್ಲ. ನನ್ನಿವಾಳಕ್ಕೆ ಸಲ್ಲುವ ನ್ಯಾಯ ಹಲಸೂರಿಗೂ ಸಲ್ಲಬೇಕು. ಇಲ್ಲಿ ಹುಟ್ಟಿ, ಇಲ್ಲಿಯ ಮಣ್ಣಿನಲ್ಲಿ ಕಾಲು ಗಟ್ಟಿಮಾಡಿಕೊಂಡು, ಮೈಸೂರಿನ ಹೆಸರಿನಲ್ಲಿ ಆಡಿದವನು ನಮ್ಮವನಾಗಲು ಇನ್ನಾವ ಪ್ರಮಾಣಪತ್ರ ಬೇಕು?

ಈ ನ್ಯಾಯಕ್ಕೆ ಇನ್ನೊಂದು ಮುಖವೂ ಇದೆ. 1948ರ ತಂಡದ ನಾಯಕ ತಾಲಿಮೆರೆನ್ ಆವ್ ನಾಗಾ ಬೆಟ್ಟಗಳ ಚಾಂಕಿ ಎಂಬ ಹಳ್ಳಿಯವರು. ಅಲ್ಲಿಂದ ಕೋಲ್ಕತ್ತಕ್ಕೆ ವೈದ್ಯವಿದ್ಯೆಗೆಂದು ಹೋದರು, ಮೋಹನ್ ಬಾಗಾನಿಗೆ ಆಡಿದರು, ದೇಶದ ತಂಡವನ್ನು ನಡೆಸಿದರು, ಬಳಿಕ ವೈದ್ಯರಾಗಿ ತಮ್ಮ ನಾಡಿಗೆ ಮರಳಿದರು. ಬೆಂಗಳೂರಿಗೆ ನನ್ನಿವಾಳವು ಕೋಲ್ಕತ್ತಕ್ಕೆ ಚಾಂಕಿ ಇದ್ದಷ್ಟು ದೂರವಿರಲಿಲ್ಲ. ಆವ್ ಅವರಿಗೆ ಹಳ್ಳಿಯಿಂದ ಶಾಲೆಗೆ, ಶಾಲೆಯಿಂದ ಕಾಲೇಜಿಗೆ, ಕಾಲೇಜಿನಿಂದ ಮೈದಾನಕ್ಕೆ ಒಂದು ದಾರಿ ಸಿಕ್ಕಿತು. ನಮ್ಮ ಬಯಲುಸೀಮೆಗೆ ಆ ದಾರಿ ತೆರೆಯಲಿಲ್ಲ. ಓಡುವ ಕಾಲುಗಳಿಗೆ ನಮ್ಮಲ್ಲಿ ಬರವಿರಲಿಲ್ಲ. ಪಟ್ಟಿಯಲ್ಲಿರುವ ಹೆಸರುಗಳು ಪ್ರತಿಭೆ ಎಲ್ಲಿ ಹುಟ್ಟಿತೆಂಬುದಕ್ಕಿಂತ ಮೈದಾನ ಎಲ್ಲಿತ್ತೆಂಬುದನ್ನೇ ಹೆಚ್ಚು ಹೇಳುತ್ತವೆ.

1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಅದುವರೆಗೆ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದದ್ದು ಮೈಸೂರು. ಕರ್ನಾಟಕವೆಂಬ ಹೆಸರಿಗೆ ಆ ಟ್ರೋಫಿ ಮೊದಲು ದೊರೆತದ್ದು 2023ರ ಮಾರ್ಚಿನಲ್ಲಿ, ದೂರದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ; ನಡುವೆ ಅರ್ಧ ಶತಮಾನವೇ ಕಳೆದಿತ್ತು. ಹೊಸ ಗೆಲುವಿಗೆ ಹಿಗ್ಗುವ ನಾವು ಹಳೆಯ ಹೆಸರುಗಳನ್ನೂ ಕರ್ನಾಟಕದ ಲೆಕ್ಕಕ್ಕೆ ಬರೆದುಕೊಳ್ಳಬೇಕಾಗಿದೆ. ಬ್ರಹ್ಮಗಿರಿಯ ಬಂಡೆಯ ಮೇಲೆ ಹೆಸರು ಕೆತ್ತಿದ ದೂರದ ಲಿಪಿಕಾರನನ್ನು ನಾವು ನಮ್ಮ ಚರಿತ್ರೆಯೊಳಕ್ಕೆ ಕರೆದುಕೊಂಡಿದ್ದೇವೆ. ಇಲ್ಫರ್ಡಿನ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ಓಡಿದವರು ಅವನಿಗಿಂತ ನಮಗೆ ಬಹಳ ಹತ್ತಿರದವರು.